ಮಳೆ, ಬಿಸಿಲು, ಚಳಿಯಲ್ಲಿ ಶುಗರ್ ನೋಡಿಕೊಳ್ಳುವುದು: ಹಾಸನ, ಚಿಕ್ಕಮಗಳೂರಿನವರಿಗೊಂದು ಮಾರ್ಗದರ್ಶಿ

ಅರಸೀಕೆರೆಯಲ್ಲಿ ಬಸ್ಸು ಹತ್ತಿ, ಹಾಸನ ದಾಟಿ, ಸಕಲೇಶಪುರದಲ್ಲಿ ಇಳಿಯುವಷ್ಟರಲ್ಲಿ ಹವೆ ಬೇರೆಯೇ ಆಗಿರುತ್ತದೆ. ಕಡೂರಿನಿಂದ ಚಿಕ್ಕಮಗಳೂರಿನ ಮೇಲೆ ಮೂಡಿಗೆರೆಗೆ ಹೋಗುವ ದಾರಿಯೂ ಹಾಗೆಯೇ. ಏಪ್ರಿಲಿನಲ್ಲಿ ಕಡೂರು, ಅರಸೀಕೆರೆ ಕಡೆ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟುತ್ತದೆ. ಜುಲೈಯಲ್ಲಿ ಶೃಂಗೇರಿ, ಕಳಸ, ಮೂಡಿಗೆರೆ ಕಡೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಒಗೆದು ಹಾಕಿದ ಬಟ್ಟೆ ಒಣಗುವುದಿಲ್ಲ. "ಬೇಸಿಗೆಯಲ್ಲಿ ನೀರು ಕುಡಿಯಿರಿ, ಚಳಿಯಲ್ಲಿ ಬೆಚ್ಚಗಿರಿ" ಎಂಬ ಒಂದು ಸಾಲಿನ ಸಲಹೆ ನಮ್ಮ ಕಡೆಯ ಶುಗರ್ ಇರುವವರಿಗೆ ಎಲ್ಲಿಗೂ ಸಾಲದು.

"ಹವೆ ಬದಲಾಯ್ತು, ಅದಕ್ಕೇ ಶುಗರ್ ಏರಿದೆ" ಎನ್ನುವ ಮಾತನ್ನು ಎಲ್ಲರೂ ಕೇಳಿದ್ದೇವೆ. ಮಾತು ಸುಳ್ಳಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದರೆ ಏನೂ ಮಾಡಲಿಕ್ಕೆ ಬರುವುದಿಲ್ಲ. ಹವೆ ನೇರವಾಗಿ ರಕ್ತಕ್ಕೆ ಸಕ್ಕರೆ ಸುರಿಯುವುದಿಲ್ಲ. ಮೈಯ ನೀರು ಕಡಿಮೆ ಮಾಡುತ್ತದೆ, ನಡಿಗೆ ನಿಲ್ಲಿಸುತ್ತದೆ, ಬಾಯಿ ಚಪಲ ಹೆಚ್ಚಿಸುತ್ತದೆ, ಚುಚ್ಚಿಕೊಂಡ ಇನ್ಸುಲಿನ್ ರಕ್ತ ಸೇರುವ ವೇಗ ಬದಲಿಸುತ್ತದೆ, ಕೊನೆಗೆ ಪರೀಕ್ಷೆ ಮಾಡುವ ಸ್ಟ್ರಿಪ್ಪನ್ನೂ ಕೆಡಿಸುತ್ತದೆ. ಯಾವ ದಾರಿಯಲ್ಲಿ ಬಂತು ಎಂದು ಗೊತ್ತಾದರೆ ಆ ದಾರಿ ಕಟ್ಟಬಹುದು. ಈ ಬರಹ ಅದಕ್ಕಾಗಿ.

ಮೊದಲ ಹೆಜ್ಜೆ: ನಿಮ್ಮ ಮಾತ್ರೆಯ ಹೆಸರು ಗೊತ್ತಿರಲಿ

"ಬೆಳಗ್ಗೆ ಒಂದು ಬಿಳೀದು, ರಾತ್ರಿ ಒಂದು ಹಳದೀದು" ಎನ್ನುವವರೇ ಹೆಚ್ಚು. ಹವೆಯ ವಿಷಯಕ್ಕೆ ಬಂದಾಗ ಅಷ್ಟು ಸಾಲದು. ಚೀಟಿ ತೆಗೆದು, ಔಷಧಿ ಅಂಗಡಿಯವರ ಹತ್ತಿರವೋ ಓದು ಬಲ್ಲ ಮಕ್ಕಳ ಹತ್ತಿರವೋ ಕೇಳಿ, ನಿಮ್ಮದು ಇವುಗಳಲ್ಲಿ ಯಾವ ಗುಂಪು ಎಂದು ತಿಳಿದುಕೊಳ್ಳಿ.

ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರನೆ ಇಳಿಯುವ ಭಯ ಹೆಚ್ಚು. ಬಿಸಿಲಲ್ಲಿ ಕೆಲಸ, ಬೆಟ್ಟ ಹತ್ತುವುದು, ಊಟ ತಡವಾಗುವುದು ಇವರಿಗೆ ಅಪಾಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಸೆಕೆಗಾಲದಲ್ಲಿ, ವಾಂತಿ ಭೇದಿಯಾದಾಗ ಇವರು ಬೇಗ ಒಣಗುತ್ತಾರೆ. ಬರೀ ಮೆಟ್‌ಫಾರ್ಮಿನ್ ಮೇಲಿರುವವರಿಗೆ ಸಕ್ಕರೆ ತೀರ ಇಳಿಯುವುದು ಅಪರೂಪ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದನ್ನೂ ಗುರುತು ಹಾಕಿಟ್ಟುಕೊಳ್ಳಿ.

ಯಾವ ಮಾತ್ರೆಯನ್ನೂ ಕಾಲ ಬದಲಾಯಿತೆಂದು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಬೇಸಿಗೆ ಶುರುವಾಗುವ ಮೊದಲು ಒಮ್ಮೆ, ಮಳೆಗಾಲಕ್ಕೆ ಮೊದಲು ಒಮ್ಮೆ ಡಾಕ್ಟರ ಹತ್ತಿರ ಹೋಗಿ "ಈ ಕಾಲದಲ್ಲಿ ಏನಾದರೂ ಬದಲಿಸಬೇಕೇ?" ಎಂದು ಕೇಳಿದರೆ ಸಾಕು. ಜಿಲ್ಲಾ ಮತ್ತು ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ವಿಭಾಗದಲ್ಲಿ ಶುಗರ್, ಬಿಪಿ ನೋಡುತ್ತಾರೆ.

ಎರಡನೇ ಹೆಜ್ಜೆ: ಶುಗರ್ ಪುಸ್ತಕಕ್ಕೆ ಹವೆಯ ಕಾಲಂ

ತಾರೀಕು, ಹೊತ್ತು, ಶುಗರ್ ಎಷ್ಟು ಎಂದು ಬರೆಯುವ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಅಲ್ಲಿ ಎರಡೇ ಮಾತು: "ಜಡಿಮಳೆ, ಹೊರಗೆ ಹೋಗಲಿಲ್ಲ." "ಬಿಸಿಲು, ತೋಟದಲ್ಲಿ ಕೆಲಸ." "ಚಳಿ, ಬೋಂಡ ತಿಂದೆ." ಅಷ್ಟೇ.

ಇದನ್ನು ವರ್ಷವಿಡೀ ದಿನಕ್ಕೆ ನಾಲ್ಕು ಸಲ ಮಾಡಬೇಕಿಲ್ಲ. ಸ್ಟ್ರಿಪ್ಪಿನ ಬೆಲೆ ಎಲ್ಲರಿಗೂ ಗೊತ್ತು. ಕಾಲ ತಿರುಗುವ ಹೊತ್ತಿನಲ್ಲಿ, ಅಂದರೆ ಯುಗಾದಿಯ ಸುಮಾರಿಗೆ, ಮೃಗಶಿರಾ ಮಳೆ ಹಿಡಿದಾಗ, ದೀಪಾವಳಿ ಕಳೆದು ಚಳಿ ಬಿದ್ದಾಗ, ಒಂದೆರಡು ವಾರ ಸ್ವಲ್ಪ ಹೆಚ್ಚು ಪರೀಕ್ಷಿಸಿ. ಬೆಳಗಿನ ಖಾಲಿ ಹೊಟ್ಟೆಯದು ಮತ್ತು ಊಟವಾದ ಎರಡು ಗಂಟೆಯದು ಮುಖ್ಯ. ಇನ್ಸುಲಿನ್ ಇರುವವರು ಮಲಗುವ ಮುಂಚಿನದನ್ನೂ ನೋಡಲಿ. ಉಳಿದ ದಿನಗಳಲ್ಲಿ ಡಾಕ್ಟರು ಹೇಳಿದಷ್ಟು.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಓದುವಾಗಲೂ ಕಾಲ ನೆನಪಿರಲಿ. ಸೆಪ್ಟೆಂಬರಿನಲ್ಲಿ ಮಾಡಿಸಿದ ಪರೀಕ್ಷೆ ಮಳೆಗಾಲದ ಕಥೆ ಹೇಳುತ್ತದೆ, ಮಾರ್ಚಿನದು ಚಳಿ ಮತ್ತು ಕೊಯ್ಲಿನ ಕಥೆ. ಹೊರದೇಶಗಳ ಲೆಕ್ಕಗಳಲ್ಲಿ ಈ ಅಂಕಿ ಚಳಿಗಾಲದಲ್ಲಿ ಒಂದಿಷ್ಟು ಹೆಚ್ಚು, ಬೇಸಿಗೆಯಲ್ಲಿ ಒಂದಿಷ್ಟು ಕಡಿಮೆ. ಮಲೆನಾಡಿಗೆ ಮಳೆಗಾಲವೇ ಆ ಚಳಿಗಾಲ ಎಂಬುದು ನನ್ನ ಲೆಕ್ಕ. ಜನ ಮನೆಯೊಳಗೆ ಕೂರುವುದು, ಕರಿದದ್ದು ತಿನ್ನುವುದು ನಮ್ಮಲ್ಲಿ ಆಗಲೇ ತಾನೇ?

ಮೂರನೇ ಹೆಜ್ಜೆ: ಬಿಸಿಲುಗಾಲ

ಬಿಸಿಲು ಎರಡು ಕಡೆಗೂ ಎಳೆಯುತ್ತದೆ, ಅದೇ ಕಷ್ಟ. ಬೆವರಿ ನೀರು ಹೋದರೆ ರಕ್ತ ಗಟ್ಟಿಯಾಗಿ, ಸಾರು ಬತ್ತಿದಾಗ ಉಪ್ಪು ಮುಂದಾಗುವಂತೆ, ಸಕ್ಕರೆಯ ಅಂಕಿ ಏರುತ್ತದೆ. ಸಕ್ಕರೆ ಏರಿದರೆ ಮೂತ್ರ ಹೆಚ್ಚು, ಮೂತ್ರ ಹೆಚ್ಚಾದರೆ ಮತ್ತೂ ನೀರು ನಷ್ಟ. ಇನ್ನೊಂದು ಕಡೆ, ಸೆಕೆಗೆ ಚರ್ಮದ ರಕ್ತನಾಳಗಳು ಅರಳುತ್ತವೆ. ಚುಚ್ಚಿದ ಇನ್ಸುಲಿನ್ ಎಂದಿಗಿಂತ ಬೇಗ ರಕ್ತ ಸೇರಿ ಸಕ್ಕರೆ ಇಳಿದುಬಿಡಬಹುದು. ಹಳೆಯ ಶುಗರ್ ಇದ್ದು ನರ ಸೋತವರಲ್ಲಿ ಬೆವರುವ ಶಕ್ತಿಯೇ ಕುಗ್ಗಿರುತ್ತದೆ. ಅವರ ಮೈ ತಾನಾಗಿ ತಣಿಯುವುದಿಲ್ಲ.

ನೀರಿಗೆ ಬಾಯಾರಿಕೆಯನ್ನು ಕಾಯಬೇಡಿ, ವಯಸ್ಸಾದವರಿಗೆ ಅದು ತಡವಾಗಿ ತಿಳಿಯುತ್ತದೆ. ಬೆಳಗ್ಗೆ ಎರಡು ಲೀಟರು ತುಂಬಿಸಿಟ್ಟು ಸಂಜೆಯೊಳಗೆ ಖಾಲಿ ಮಾಡುವುದು ಸುಲಭದ ಲೆಕ್ಕ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರು ಆ ಮಿತಿಯನ್ನೇ ಪಾಲಿಸಬೇಕು.

ನೀರಿನ ಜೊತೆ ಏನು ಕುಡಿಯಬಹುದು? ಉಪ್ಪು, ಇಂಗು ಹಾಕಿದ ನೀರು ಮಜ್ಜಿಗೆಗೆ ಸಾಟಿಯಿಲ್ಲ. ಬಿಪಿ ಇದ್ದರೆ ಉಪ್ಪು ಬಿಡಿ. ಎಳನೀರು ಅರಸೀಕೆರೆಯವರಿಗೆ ಮನೆ ಬಾಗಿಲಲ್ಲೇ ಸಿಗುತ್ತದೆ, ಆದರೆ ಒಂದು ಕಾಯಿಯಲ್ಲಿ ಹೆಚ್ಚೂ ಕಡಿಮೆ ಎರಡು ಚಮಚದಷ್ಟು ಸಕ್ಕರೆಯಿರುತ್ತದೆ. ಬಿಸಿಲಲ್ಲಿ ದುಡಿದ ದಿನ ಒಂದು ಸಾಕು. ಕಿಡ್ನಿ ತೊಂದರೆಯಿದ್ದರೆ ಪೊಟ್ಯಾಸಿಯಂ ಕಾರಣಕ್ಕೆ ಅದೂ ಬೇಡ. ಕಬ್ಬಿನ ಹಾಲು, ಬಾಟಲಿ ಜ್ಯೂಸ್ ಬೇಡವೇ ಬೇಡ. ರಾಮನವಮಿಯ ಪಾನಕ ಒಂದು ಉದ್ಧರಣೆ ಪ್ರಸಾದದಷ್ಟು ಸಾಕು, ಕೋಸಂಬರಿಯನ್ನು ಧಾರಾಳವಾಗಿ ತಿನ್ನಿ. ಪಾನಕಕ್ಕೆ ಹಾಕಿದ್ದು ಬೆಲ್ಲ, ಸಕ್ಕರೆಯಲ್ಲ ಎಂಬ ಸಮಾಧಾನ ಮೀಟರಿಗೆ ಅರ್ಥವಾಗುವುದಿಲ್ಲ.

ಈಗ ಈ ಬರಹದಲ್ಲೇ ಅತಿ ಮುಖ್ಯವಾದ ಮಾತು. ಬೆವರು, ತಲೆಸುತ್ತು, ಸುಸ್ತು, ಎದೆ ಡವಡವ: ಇವು ಬಿಸಿಲಿನಿಂದಲೂ ಬರುತ್ತವೆ, ಸಕ್ಕರೆ ಇಳಿದಾಗಲೂ ಬರುತ್ತವೆ. "ಬಿಸಿಲು ಜಾಸ್ತಿಯಾಯ್ತು" ಎಂದು ನೆರಳಲ್ಲಿ ಮಲಗಿದವರು ಏಳದೇ ಹೋಗಬಹುದು. ಹೀಗಾದ ಕೂಡಲೇ ನೆರಳಿಗೆ ಬಂದು ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಅಂದರೆ ಸುಮಾರು ಮೂರು ಚಮಚ, ನೀರಿಗೆ ಕದಡಿ ಕುಡಿಯಿರಿ. 15 ನಿಮಿಷ ಕಳೆದು ಮತ್ತೆ ನೋಡಿ. ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ. ಸರಿಯಾದ ಮೇಲೆ ಏನಾದರೂ ತಿಂಡಿ ತಿನ್ನಿ. ಚಾಕೊಲೇಟು ಇದಕ್ಕೆ ತಕ್ಕದ್ದಲ್ಲ, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡ ಮಾಡುತ್ತದೆ. ಮೀಟರ್ ಹತ್ತಿರವಿಲ್ಲವೇ? ಇಳಿದಿದೆ ಎಂದೇ ಲೆಕ್ಕ ಹಿಡಿದು ಸಕ್ಕರೆ ನೀರು ಕುಡಿಯಿರಿ. ಇಳಿದಿರದಿದ್ದರೆ ಒಂದು ಹೊತ್ತು ಅಂಕಿ ಏರೀತು, ಅಷ್ಟೇ ನಷ್ಟ.

ಮಾವು, ಹಲಸು ಬಿಡಿಸಿದ ಕೈಯಲ್ಲಿ ಬೆರಳು ಚುಚ್ಚಿದರೆ ಮೀಟರು ಬೆಚ್ಚಿ ಬೀಳುವಂಥ ಅಂಕಿ ತೋರಿಸುತ್ತದೆ. ಬೆರಳಿಗಂಟಿದ ಹಣ್ಣಿನ ರಸದ ಸಕ್ಕರೆ ಅದು. ಸೋಪು ಹಾಕಿ ತೊಳೆದು, ಒರೆಸಿ, ಆಮೇಲೆ ಚುಚ್ಚಿ.

ನಾಲ್ಕನೇ ಹೆಜ್ಜೆ: ಇನ್ಸುಲಿನ್ನು, ಮೀಟರು, ಸ್ಟ್ರಿಪ್ಪು ಇಡುವ ಜಾಗ

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವ ಸೀಸೆ ಅಥವಾ ಪೆನ್ನು 25ರಿಂದ 30 ಡಿಗ್ರಿಯೊಳಗಿನ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ. ನಿಮ್ಮ ಪೊಟ್ಟಣದ ಮೇಲೆ ಬರೆದಿರುವುದೇ ಅಂತಿಮ. ತೆರೆದ ದಿನದ ತಾರೀಕನ್ನು ಸೀಸೆಯ ಮೇಲೆ ಬರೆಯಿರಿ.

ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲಿಕ್ಕೆ ಚೆನ್ನಾಗಿಯೇ ಕಾಣಬಹುದು, ಕೆಲಸ ಮಾತ್ರ ಮಾಡುವುದಿಲ್ಲ. ಅದನ್ನು ಎಸೆಯಬೇಕು. ಹಾಗಾಗಿ ಫ್ರೀಜರಿನಲ್ಲಿ ಇಡಬೇಡಿ, ಫ್ರಿಜ್ಜಿನ ಹಿಂದಿನ ಗೋಡೆಗೂ ತಾಗಿಸಬೇಡಿ. ಪ್ರಯಾಣಕ್ಕೆಂದು ಮಂಜುಗಡ್ಡೆಯ ಮೇಲೆ ನೇರವಾಗಿ ಇಡುವವರಿದ್ದಾರೆ. ನಡುವೆ ದಪ್ಪ ಬಟ್ಟೆ ಸುತ್ತಿ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು, ಸ್ಕೂಟರಿನ ಡಿಕ್ಕಿ ಬಿಸಿಲಿಗೆ ಒಲೆಯಷ್ಟು ಕಾಯುತ್ತವೆ, ಅಲ್ಲಿಗೆ ಹತ್ತು ನಿಮಿಷವೂ ಬೇಡ.

ಫ್ರಿಜ್ ಇಲ್ಲದ ಮನೆಯಲ್ಲಿ ಮಡಕೆ ಉಪಾಯ ಒಳ್ಳೆಯದು. ದೊಡ್ಡ ಮಣ್ಣಿನ ಕುಂಡದೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಚಿಕ್ಕ ಮಡಕೆಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಇನ್ಸುಲಿನ್, ಮೇಲೊಂದು ಒದ್ದೆ ಬಟ್ಟೆ. ನೀರು ಆವಿಯಾಗುವಾಗ ಒಳಗೆ ತಣ್ಣಗಾಗುತ್ತದೆ. ಆವಿಯಾಗಲಿಕ್ಕೆ ಒಣಗಾಳಿ ಬೇಕು, ಆದ್ದರಿಂದ ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ಮೂಡಿಗೆರೆಯ ಜುಲೈಯಲ್ಲಿ ಮಡಕೆ ಕೆಲಸ ಮಾಡುವುದಿಲ್ಲ, ಆದರೆ ಆಗ ಅಲ್ಲಿ ಅದು ಬೇಕಾಗಿಯೂ ಇರುವುದಿಲ್ಲ. ಮಳೆಗೆ ಮರ ಬಿದ್ದು ಮೂರು ನಾಲ್ಕು ದಿನ ಕರೆಂಟು ಹೋದಾಗ "ಇನ್ಸುಲಿನ್ ಹಾಳಾಯ್ತು" ಎಂದು ಗಾಬರಿಯಾಗುವವರಿಗೆ ಈ ಮಾತು: ಮನೆಯೊಳಗಿನ ಹವೆಯೇ 25ರ ಕೆಳಗಿದ್ದರೆ ಬಳಸುತ್ತಿರುವ ಸೀಸೆಗೆ ಏನೂ ಆಗುವುದಿಲ್ಲ. ತೆರೆಯದ ಸೀಸೆಗಳಿದ್ದರೆ ಫ್ರಿಜ್ಜಿನ ಬಾಗಿಲು ಪದೇ ಪದೇ ತೆರೆಯಬೇಡಿ. ತಂಪು ಪೂರಾ ಹೋಗಿದ್ದರೆ, ಆ ದಿನದಿಂದ ಅವಕ್ಕೂ ನಾಲ್ಕು ವಾರದ ಲೆಕ್ಕ ಹಾಕಿ ಮೊದಲು ಅವನ್ನೇ ಮುಗಿಸಿ.

ಹಾಳಾಗಿದೆಯೇ ಎಂದು ನೋಡಲು ಬೆಳಕಿಗೆ ಹಿಡಿಯಿರಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಂಕಾಗಿದ್ದರೆ ಬೇಡ. ಹಾಲಿನ ಬಣ್ಣದ್ದನ್ನು ಅಂಗೈ ನಡುವೆ ನಿಧಾನ ಉರುಳಿಸಿದ ಮೇಲೂ ಗರಣೆ ಉಳಿದರೆ, ಗಾಜಿಗೆ ಬಿಳಿ ಪುಡಿ ಮೆತ್ತಿದ್ದರೆ ಬೇಡ. ಡೋಸು ಅದೇ, ಊಟ ಅದೇ, ಆದರೂ ಕಾರಣವಿಲ್ಲದೆ ಶುಗರ್ ಏರುತ್ತಾ ಹೋದರೆ ಹೊಸ ಸೀಸೆ ತೆಗೆದು ನೋಡಿ.

ಸ್ಟ್ರಿಪ್ಪಿಗೆ ಶತ್ರು ತೇವ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವ ಮನೆಯಲ್ಲಿ ಸ್ಟ್ರಿಪ್ಪಿನ ಡಬ್ಬಿ ಬಾಯಿ ತೆರೆದಿದ್ದರೆ ಅಂಕಿಗಳನ್ನು ನಂಬುವಂತಿಲ್ಲ. ಒಂದು ತೆಗೆದ ಕೂಡಲೇ ಮುಚ್ಚಳ ಬಿಗಿ ಮಾಡಿ. ಬೇರೆ ಡಬ್ಬಿಗೆ ಸುರಿಯಬೇಡಿ, ಒದ್ದೆ ಬೆರಳಿಂದ ಮುಟ್ಟಬೇಡಿ, ಅಡುಗೆಮನೆ ಬಚ್ಚಲಮನೆಯಲ್ಲಿ ಇಡಬೇಡಿ. ಎಲ್ಲವೂ ಒಂದೇ ಕಡೆ ಇರಲೆಂದು ಮೀಟರನ್ನೂ ಸ್ಟ್ರಿಪ್ಪನ್ನೂ ಇನ್ಸುಲಿನ್ ಜೊತೆ ಫ್ರಿಜ್ಜಿನಲ್ಲಿ ಇಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ತಪ್ಪು. ಹೆಚ್ಚಿನ ಮೀಟರುಗಳು 10ರಿಂದ 40 ಡಿಗ್ರಿಯೊಳಗೆ ಮಾತ್ರ ಸರಿಯಾಗಿ ಓದುತ್ತವೆ.

ಐದನೇ ಹೆಜ್ಜೆ: ಮಳೆಗಾಲ

ಆರಿದ್ರಾ ಹಿಡಿಯಿತೆಂದರೆ ಮಲೆನಾಡಿನಲ್ಲಿ ವಾಕಿಂಗ್ ನಿಲ್ಲುತ್ತದೆ. ಪುನರ್ವಸು, ಪುಷ್ಯ ಕಳೆಯುವವರೆಗೆ ಛತ್ರಿ ಹಿಡಿದು ರಸ್ತೆಯಲ್ಲಿ ನಡೆಯುವ ಉತ್ಸಾಹ ಯಾರಿಗೂ ಇರುವುದಿಲ್ಲ. ವಾರಗಟ್ಟಲೆ ನಿಂತ ನಡಿಗೆಯೇ ಸಕ್ಕರೆ ಏರಲು ದೊಡ್ಡ ಕಾರಣ. ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವು ಹೆಚ್ಚಿಲ್ಲದೆಯೂ ಸಕ್ಕರೆ ಹೀರಿಕೊಳ್ಳುತ್ತವೆ, ಕೂತ ಸ್ನಾಯುಗಳು ಹಾಗೆ ಹೀರುವುದಿಲ್ಲ.

ಇದಕ್ಕೆ ಜಿಮ್ಮು ಬೇಕಿಲ್ಲ. ಪ್ರತಿ ಊಟವಾದ ಮೇಲೆ ಜಗಲಿಯ ಉದ್ದಕ್ಕೂ ಹತ್ತು ಹದಿನೈದು ನಿಮಿಷ ಓಡಾಡಿ. ತೊಟ್ಟಿಮನೆಯಾದರೆ ತೊಟ್ಟಿಯ ಸುತ್ತ ಸುತ್ತಿ. ಹಾಸನದ ಬಾಡಿಗೆ ಮನೆಯಾದರೆ ಮೆಟ್ಟಿಲು ಹತ್ತಿ ಇಳಿಯಿರಿ. ಕುರ್ಚಿ ಹಿಡಿದು ಕೂತು ಏಳುವುದು ಇಪ್ಪತ್ತು ಸಲ. ಒಂದೇ ಸಲ ಮುಕ್ಕಾಲು ಗಂಟೆ ನಡೆಯಲಾಗಲಿಲ್ಲ ಎಂದು ಪೂರಾ ಬಿಡುವುದಕ್ಕಿಂತ ಊಟದ ನಂತರದ ಈ ಚಿಕ್ಕ ನಡಿಗೆ ಎಷ್ಟೋ ಮೇಲು. ಸಕ್ಕರೆ ಏರುವ ಹೊತ್ತಿಗೇ ಅದನ್ನು ತಡೆಯುತ್ತದೆ.

ಇನ್ನು ಬಾಯಿಯ ವಿಷಯ. ಮಳೆ, ಕರಿದ ಹಲಸಿನ ಹಪ್ಪಳ, ಬಿಸಿ ಕಾಫಿ. ಬಿಡಿ ಎಂದರೆ ಯಾರು ಕೇಳುತ್ತಾರೆ? ಎಣಿಸಿ ಎನ್ನುತ್ತೇನೆ. ಒಂದು ಲೋಟ ಕಾಫಿಗೆ ಎರಡು ಚಮಚ ಸಕ್ಕರೆ ಅಥವಾ ಅಷ್ಟೇ ಬೆಲ್ಲ, ದಿನಕ್ಕೆ ಆರು ಲೋಟ ಎಂದರೆ 50 ಗ್ರಾಂ ಮೇಲಾಯಿತು. ಮಳೆಗಾಲದಲ್ಲಿ ಆರು ಲೋಟ ಎಂಟಾಗುವುದು ಗೊತ್ತೇ ಆಗುವುದಿಲ್ಲ. ಸಕ್ಕರೆಯಿಲ್ಲದ ಕಾಫಿ ನಾಲಿಗೆಗೆ ಒಗ್ಗಲು ಒಂದೆರಡು ವಾರ ಸಾಕು, ಕಾಫಿ ಬೆಳೆಯುವ ನಾಡಿನವರಾದ ನಮಗೆ ಅದರ ನಿಜವಾದ ರುಚಿಯೂ ಸಿಗುತ್ತದೆ. ಬೆಳಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬು ಎಂದರೆ ಮೂರು ಹೊತ್ತೂ ಅಕ್ಕಿಯೇ. ಒಂದು ಹೊತ್ತು ಕಡಿಮೆ ಮಾಡಿ, ತಟ್ಟೆಯಲ್ಲಿ ಕಳಲೆ, ಅಣಬೆ, ಸೊಪ್ಪು, ಕಾಳಿನ ಪಾಲು ಹೆಚ್ಚಿಸಿ. ಆ ಕಾಲದಲ್ಲಿ ಇವು ಹೇಗೂ ಹಿತ್ತಲಲ್ಲೂ ಸಂತೆಯಲ್ಲೂ ಸಿಗುತ್ತವೆ.

ಮಳೆಗೆ ಬೆಚ್ಚಗಾಗಲೆಂದು ಗುಂಡು ಹಾಕುವವರಿಗೆ ಒಂದು ಎಚ್ಚರಿಕೆ. ಮದ್ಯ ಇಳಿದ ಸಕ್ಕರೆಯನ್ನು ಸರಿಪಡಿಸುವ ಲಿವರಿನ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು, ಕುಡಿದು, ಊಟ ಬಿಟ್ಟು ಮಲಗಿದರೆ ರಾತ್ರಿಯಲ್ಲಿ ಸಕ್ಕರೆ ಕುಸಿಯಬಹುದು. ತೊದಲು, ತೂರಾಟ, ಮಂಪರು ನೋಡಿ ಮನೆಯವರು "ಜಾಸ್ತಿಯಾಗಿದೆ, ಮಲಗಲಿ" ಎಂದು ಸುಮ್ಮನಾಗುತ್ತಾರೆ. ಶುಗರ್ ಇರುವ ಮನುಷ್ಯ ಹಾಗಿದ್ದರೆ ಮೊದಲು ಬೆರಳು ಚುಚ್ಚಿ ನೋಡಿ.

ಮಳೆಗಾಲದ ಇನ್ನೊಂದು ದೊಡ್ಡ ಚಿಂತೆ ಕಾಲು. ಗದ್ದೆ ನಾಟಿ, ತೋಟದ ಕೆಸರು, ಒಳಗೆ ನೀರು ನಿಂತ ಗಂಬೂಟು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಒಡೆದು ಕೆಸರುಹುಣ್ಣಾಗುತ್ತದೆ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಅದು ತಿಳಿಯುವುದೇ ಇಲ್ಲ. ಹುಣ್ಣು ಕೀವಾಯಿತೆಂದರೆ ಶುಗರ್ ಏರುತ್ತದೆ, ಏರಿದ ಶುಗರ್ ಹುಣ್ಣನ್ನು ಮಾಯಲು ಬಿಡುವುದಿಲ್ಲ. ಮನೆಗೆ ಬಂದ ಕೂಡಲೇ ಕಾಲು ತೊಳೆದು, ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒಂದೊಂದಾಗಿ ಒರೆಸಿ. ಅಂಗಾಲಿಗೆ ಎಣ್ಣೆ ಹಚ್ಚಬಹುದು, ಸಂದಿಗೆ ಹಚ್ಚಬಾರದು. ಗಂಬೂಟನ್ನು ರಾತ್ರಿ ಬಾಯಿ ಕೆಳಗೆ ಮಾಡಿ ಇಡಿ, ಕಾಲುಚೀಲ ಎರಡು ಜೊತೆ ಇರಲಿ. ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ, ಕಣ್ಣು ಮಂಜಾದವರಿಗೆ ಮನೆಯವರು ನೋಡಲಿ.

ಇಂಬಳ ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ. ಬೀಡಿಯ ಕೆಂಡ ತಾಗಿಸಬೇಡಿ, ಜೋಮು ಹಿಡಿದ ಕಾಲಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಆಮೇಲೆ ತುರಿಕೆಗೆ ಕೆರೆದುಕೊಳ್ಳುವುದೇ ನಂಜಿಗೆ ದಾರಿ.

ಆರನೇ ಹೆಜ್ಜೆ: ಚಳಿಗಾಲ, ಕೊಯ್ಲು, ಬಿಸಿನೀರು

ಚಳಿಗೆ ಚರ್ಮದ ರಕ್ತನಾಳ ಮುದುಡಿ ಇನ್ಸುಲಿನ್ ನಿಧಾನವಾಗಿ ರಕ್ತ ಸೇರುತ್ತದೆ. ಮೈ ಚಳಿಯನ್ನು ಎದುರಿಸಲು ಬಿಡುವ ಹಾರ್ಮೋನುಗಳು ಸಕ್ಕರೆಯನ್ನು ಮೇಲಕ್ಕೆ ತಳ್ಳುತ್ತವೆ. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಡಿಸೆಂಬರಿನಲ್ಲಿ ಒಂದಿಷ್ಟು ಏರಿದರೆ ಆಶ್ಚರ್ಯವಿಲ್ಲ. ಬೆರಳು ಸೆಟೆದು ರಕ್ತ ಬಾರದಿದ್ದರೆ ಒತ್ತಿ ಹಿಂಡಬೇಡಿ, ಅಂಕಿ ತಪ್ಪಾಗುತ್ತದೆ. ಬೆಚ್ಚಗಿನ ನೀರಲ್ಲಿ ಕೈ ತೊಳೆದು, ಕೈಯನ್ನು ಕೆಳಗೆ ಇಳಿಬಿಟ್ಟು, ಬೆರಳಿನ ಪಕ್ಕಕ್ಕೆ ಚುಚ್ಚಿ. ಹೃದಯದ ತೊಂದರೆಯಿರುವವರು ಐದು ಗಂಟೆಯ ಮಂಜಿನಲ್ಲಿ ವಾಕಿಂಗ್ ಹೋಗದೆ ಬಿಸಿಲೇರಿದ ಮೇಲೆ ಹೊರಡಲಿ.

ಬಚ್ಚಲ ಹಂಡೆಯ ನೀರು ನಮ್ಮ ಕಡೆಯ ಸುಖ. ಆದರೆ ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿಬಿಸಿ ನೀರು ಹೊಯ್ದುಕೊಂಡರೆ ಅದು ಬೇಗ ರಕ್ತ ಸೇರಿ, ತಿಂಡಿಗೆ ಮೊದಲೇ ಸಕ್ಕರೆ ಇಳಿದೀತು. ಕ್ರಮ ಹೀಗಿರಲಿ: ಮೊದಲು ಸ್ನಾನ, ಆಮೇಲೆ ಇನ್ಸುಲಿನ್, ಆಮೇಲೆ ತಿಂಡಿ. ದೀಪಾವಳಿಯ ಎಣ್ಣೆಸ್ನಾನದ ದಿನ ಇದು ಇನ್ನೂ ಮುಖ್ಯ, ಚುಚ್ಚಿದ ಜಾಗವನ್ನು ತಿಕ್ಕಿದರೂ ಇನ್ಸುಲಿನ್ ಓಡುತ್ತದೆ. ನೀರಿನ ಬಿಸಿಯನ್ನು ಕಾಲಿಂದ ಅಳೆಯಬೇಡಿ, ಮೊಣಕೈ ಅದ್ದಿ ನೋಡಿ. ಒಲೆಯ ಮುಂದೆ ಕಾಲು ಚಾಚಿ ಕೂರುವುದು, ಹಾಟ್ ವಾಟರ್ ಬ್ಯಾಗಿನ ಮೇಲೆ ಪಾದವಿಟ್ಟು ಮಲಗುವುದು ಸ್ಪರ್ಶ ಕಳೆದವರಿಗೆ ಬೇಡ. ಉಣ್ಣೆಯ ಕಾಲುಚೀಲ ಸಾಕು.

ಅರೇಬಿಕಾ ಹಣ್ಣಾಗುವ ಹೊತ್ತಿಗೆ, ಮುಂದೆ ರೊಬಸ್ಟಾ ಮುಗಿಯುವವರೆಗೆ, ಕೊಯ್ಲಿನ ಕೆಲಸ ಮಾಡುವವರ ಲೆಕ್ಕವೇ ಬೇರೆ. ಮಳೆಗಾಲದಲ್ಲಿ ಏರಿದ್ದಕ್ಕೆ ಹೆಚ್ಚಿಸಿದ ಡೋಸು ಕೊಯ್ಲಿನ ದಿನಗಳಿಗೆ ಹೆಚ್ಚಾಗಬಹುದು. ಕೊಯ್ಲು ಶುರುವಾಗುವ ಮೊದಲೇ ಡಾಕ್ಟರಿಗೆ ತಿಳಿಸಿ. ಬೆಳಗಿನ ತಿಂಡಿ ಬಿಟ್ಟು ತೋಟಕ್ಕೆ ಇಳಿಯಬೇಡಿ, ಹತ್ತೂವರೆಗೆ ಏನಾದರೂ ಬಾಯಿಗೆ ಹಾಕಿ, ಸೊಂಟದ ಚೀಲದಲ್ಲಿ ಗ್ಲೂಕೋಸ್ ಪುಡಿ ಇರಲಿ. ಮೇಸ್ತ್ರಿಗೋ ರೈಟರಿಗೋ ಜೊತೆಯವರಿಗೋ "ನನಗೆ ಶುಗರ್ ಇದೆ, ಬೆವರಿ ಕೂತರೆ ಸಕ್ಕರೆ ಕೊಡಿ" ಎಂದು ಹೇಳಿಡಲು ಸಂಕೋಚ ಬೇಡ.

ಏಳನೇ ಹೆಜ್ಜೆ: ಬೆಟ್ಟ, ಜಾತ್ರೆ, ಘಟ್ಟ

ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು, ಬಂಡೆ. ಬೆಳಗ್ಗೆ ಬೇಗ ಹತ್ತಿ, ದಪ್ಪ ಕಾಲುಚೀಲ ಹಾಕಿ. ನಡುಮಧ್ಯಾಹ್ನ ಬೇಲೂರು ದೇವಸ್ಥಾನದ ಅಂಗಳದ ಕಲ್ಲೂ ಹಾಗೆಯೇ ಕಾದಿರುತ್ತದೆ. ಪಾದದ ಬೊಬ್ಬೆ ಜೋಮು ಕಾಲಿನವರಿಗೆ ಮನೆಗೆ ಬಂದ ಮೇಲೆಯೇ ಕಾಣುವುದು. ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತುವವರು ಚಳಿ ರಾತ್ರಿ, ಜಾರು ದಾರಿ, ಖಾಲಿ ಹೊಟ್ಟೆ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಸನಾಂಬೆಯ ಸರತಿಯಲ್ಲಿ ಗಂಟೆಗಟ್ಟಲೆ ನಿಲ್ಲುವಾಗ ಮಾತ್ರೆಯ ಹೊತ್ತು, ಊಟದ ಹೊತ್ತು ಎರಡೂ ತಪ್ಪುತ್ತವೆ. ಬಿಸ್ಕತ್ತು, ನೀರು, ಗ್ಲೂಕೋಸ್ ಜೊತೆಗಿರಲಿ, ಊಟ ತಡವಾಗುವುದಾದರೆ ಊಟದ ಇನ್ಸುಲಿನ್ ಮೊದಲೇ ಚುಚ್ಚಿಕೊಳ್ಳಬೇಡಿ.

ಶಿವರಾತ್ರಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ಇನ್ನೊಂದು ತಿಳಿದಿರಲಿ. ದಿನವಿಡೀ ನಡೆದ ದಿನ ಸಕ್ಕರೆ ಇಳಿಯುವುದು ನಡೆಯುವಾಗಲೇ ಎಂದಿಲ್ಲ, ಅಂದಿನ ರಾತ್ರಿ ನಿದ್ದೆಯಲ್ಲೂ ಇಳಿಯಬಹುದು. ಮಲಗುವ ಮುಂಚೆ ಪರೀಕ್ಷಿಸಿ. ಘಟ್ಟದ ಕೆಳಗೆ ಸೆಕೆ ಬೇರೆ. ಮೇಲಿನ ತಂಪಿನಲ್ಲಿ ಜೇಬಿನಲ್ಲಿದ್ದ ಇನ್ಸುಲಿನ್ ಅಲ್ಲಿ ಒದ್ದೆ ಬಟ್ಟೆ ಸುತ್ತಿದ ಚೀಲಕ್ಕೆ ಹೋಗಬೇಕು. ಡೋಸನ್ನು ಮುಂಚೆಯೇ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಂಡು ಹೊರಡಿ.

ಜ್ವರ ಬಂದರೆ

ಕಾಲ ಬದಲಾದಾಗ ಜ್ವರ, ಶೀತ, ದಮ್ಮು ಇದ್ದದ್ದೇ. ಜ್ವರದಲ್ಲಿ ಊಟ ಸೇರದಿದ್ದರೂ ಸಕ್ಕರೆ ಏರುತ್ತದೆ, ಆದ್ದರಿಂದ "ಏನೂ ತಿಂದಿಲ್ಲ" ಎಂದು ಇನ್ಸುಲಿನ್ ಪೂರಾ ನಿಲ್ಲಿಸಬೇಡಿ. ನಾಲ್ಕು ಗಂಟೆಗೊಮ್ಮೆ ನೋಡಿ, ಗಂಜಿ, ತಿಳಿಸಾರು, ಮಜ್ಜಿಗೆ ಸ್ವಲ್ಪ ಸ್ವಲ್ಪ ಕುಡಿಯಿರಿ. ವಾಂತಿ ಭೇದಿಯಿದ್ದರೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಅಂದೇ ಫೋನು ಮಾಡಿ ಕೇಳಿ. ಓಆರ್‌ಎಸ್ ಪುಡಿಗೆ ಹೆದರಬೇಡಿ, ಒಂದು ಲೀಟರಿನಲ್ಲಿ ಇರುವ ಗ್ಲೂಕೋಸ್ 13.5 ಗ್ರಾಂ ಮಾತ್ರ. ಹಣ್ಣಿನ ರುಚಿಯ ಡಬ್ಬಿ ಪಾನೀಯಗಳು ಬೇರೆ, ಅವು ಬೇಡ. ದಮ್ಮಿಗೆ ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟರೆ ಸಕ್ಕರೆ ಒಂದೆರಡು ದಿನದಲ್ಲೇ ಜಿಗಿಯುತ್ತದೆ. ಔಷಧಿ ಬಿಡಬೇಡಿ, ಪರೀಕ್ಷೆ ಹೆಚ್ಚಿಸಿ. "ಸುಸ್ತು, ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ" ಎಂದು ನೀವಾಗಿ ಕೇಳುವ ರೂಢಿಯನ್ನು ಬಿಡಿ. ನಿಮಗೆ ಶುಗರ್ ಇದೆ ಎಂಬುದನ್ನು ಕ್ಲಿನಿಕ್ಕಿನಲ್ಲಿ ಮೊದಲೇ ಹೇಳಿ.

ಆಸ್ಪತ್ರೆಗೆ ಹೊರಡುವ ಹೊತ್ತು

ಎರಡು ಸಲ ನೋಡಿದಾಗಲೂ ಶುಗರ್ 300ರ ಮೇಲಿದ್ದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವಿನೊಂದಿಗೆ ಉಸಿರು ಆಳವಾಗಿ ಜೋರಾಗಿ ಬರುತ್ತಿದ್ದರೆ, ಮಂಪರು ಕವಿದರೆ ಕಾಯಬೇಡಿ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರಲ್ಲಿ ಅಂಕಿ ಅಷ್ಟು ಏರದೆಯೂ ಹೀಗಾಗಬಹುದು, ಅವರು ಲಕ್ಷಣ ನೋಡಿಯೇ ಹೊರಡಬೇಕು. ಬಿಸಿಲಲ್ಲಿದ್ದವರ ಮೈ ಕೆಂಡದಂತೆ ಸುಟ್ಟು ಮಾತು ತಪ್ಪಿದರೆ ನೆರಳಿಗೆ ಎಳೆದು, ಮೈಮೇಲೆ ನೀರು ಹೊಯ್ದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದವರ ಬಾಯಿಗೆ ಸಕ್ಕರೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋದೀತು. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ 108 ಕರೆಯಿರಿ.

ಘಟ್ಟದ ಕಡೆಯ ಊರುಗಳಲ್ಲಿ ಮಳೆಗಾಲದ ರಾತ್ರಿ ರಸ್ತೆಗೆ ಮರ ಬಿದ್ದಿರಬಹುದು, ಮೊಬೈಲಿಗೆ ಸಿಗ್ನಲ್ ಇಲ್ಲದಿರಬಹುದು. ಅಂಥ ಕಡೆ ಇರುವವರು ಜೂನ್ ಮೊದಲ ವಾರದೊಳಗೆ ಒಂದು ತಿಂಗಳ ಮಾತ್ರೆ, ಒಂದು ಹೆಚ್ಚಿನ ಇನ್ಸುಲಿನ್ ಸೀಸೆ, ಒಂದು ಡಬ್ಬಿ ಸ್ಟ್ರಿಪ್ಪು, ಮೀಟರಿನ ಬ್ಯಾಟರಿ, ಟಾರ್ಚು, ಗ್ಲೂಕೋಸ್ ಪೊಟ್ಟಣ ಮನೆಯಲ್ಲಿ ತಂದಿಡಿ. ಜೀಪಿರುವ ಪಕ್ಕದ ಮನೆಯವರ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.